ನಾಲ್ಕು ಬೆರಳು ಕೆಮ್ಮಣ್ಣು

ಯಂತ್ರ ಸುಳ್ಳು ಹೇಳಲಿಲ್ಲ. ಮಣ್ಣು ಪರೀಕ್ಷೆಗೆ ಬಂದ ಹೆಂಗಸೂ ತಪ್ಪು ಮಾಡಲಿಲ್ಲ. ತಪ್ಪು ಮಾಡಿದ್ದು ನಾನು. ಆವತ್ತು ಮಧ್ಯಾಹ್ನ ನಮ್ಮ ಅಂಗಳ ಶುದ್ಧವಾಗಿದೆ ಎಂದು ಬಂದದ್ದು ನಮ್ಮ ಅಂಗಳದ ಮಣ್ಣಿನ ಲೆಕ್ಕವೇ ಅಲ್ಲ, ಗುಡ್ಡದ ಬುಡದಿಂದ ತರಿಸಿದ ಮಣ್ಣಿನದು. ಅದನ್ನು ಹಿಂದಿನ ದಿನ ಅಲ್ಲಿ ಹರಡಿ, ತಟ್ಟಿ, ಮೇಲೆ ಸಗಣಿ ಸಾರಿಸಿದವಳು ನಾನೇ. ಪಾಪ, ಮುದುಕಿಗೆ ಏನು ಗೊತ್ತು ಎನ್ನುವವರು ಊರಲ್ಲಿದ್ದಾರೆ. ಹರಡುವಾಗ ಗೊತ್ತಿರಲಿಲ್ಲ, ಅದು ನಿಜ. ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಅದು ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದ ಮಾರನೇ ವರ್ಷದ ಬೇಸಿಗೆ. ನಮ್ಮದು ಶಿಡ್ಲಘಟ್ಟ ತಾಲ್ಲೂಕು, ಮೇಲೂರಿನ ಆಚೆ ಒಂದು ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ತೋಟ, ಮನೆ, ಪಕ್ಕದಲ್ಲಿ ರೇಷ್ಮೆ ಹುಳು ಸಾಕುವ ಹುಳುಮನೆ, ಎರಡರ ನಡುವೆ ಅಂಗಳ. ಮನೆಯಲ್ಲಿ ನಾನು, ಮಗ, ಸೊಸೆ, ಎರಡೂವರೆ ವರ್ಷದ ಮೊಮ್ಮಗಳು. ತೋಟ ನನ್ನ ಪಾಲಿನ ಕೆಲಸ, ಹುಳು ಸೊಸೆಯ ಪಾಲಿನದು. ಮಗನಿಗೆ ಶಿಡ್ಲಘಟ್ಟದಲ್ಲಿ ಬ್ಯಾಟರಿ ರಿಪೇರಿ ಅಂಗಡಿ.

ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚಾಗಿದ್ದ ಕಾಲ. ಅಂಗಡಿಯವರು, ನೂಲು ಬಿಚ್ಚುವವರು, ಕಲ್ಯಾಣ ಮಂಟಪದವರು, ಎಲ್ಲರೂ ಬ್ಯಾಟರಿ ಇಟ್ಟುಕೊಂಡರು. ಅವು ಸತ್ತಾಗ ಮಗನ ಹತ್ತಿರ ಬರುತ್ತಿದ್ದವು. ಸಾಲದ್ದಕ್ಕೆ ಅವನೇ ಚಿಂತಾಮಣಿಗೆ ಹೋಗಿ ಲಗೇಜ್ ಆಟೋದಲ್ಲಿ ಹಳೇ ಬ್ಯಾಟರಿ ತುಂಬಿಕೊಂಡು ಬರುತ್ತಿದ್ದ. ಅಂಗಡಿಯಲ್ಲಿ ಹೊಗೆ ಹಾಕಬೇಡ ಎಂದು ಕಟ್ಟಡದ ಯಜಮಾನರು ಹೇಳಿದ್ದರಿಂದ ಒಡೆಯುವುದು, ಕರಗಿಸುವುದು ಎಲ್ಲ ನಮ್ಮ ಅಂಗಳಕ್ಕೆ ಬಂತು. ಬಚ್ಚಲ ಗೋಡೆಯ ಪಕ್ಕ ಮೂರು ಕಲ್ಲಿನ ಒಲೆ, ಅದರ ಮೇಲೆ ಕಬ್ಬಿಣದ ಬಾಣಲೆ. ಬ್ಯಾಟರಿಯ ಒಳಗಿನ ಸೀಸದ ತಗಡು ಅದರಲ್ಲಿ ಕರಗಿ ಪಾದರಸದ ಹಾಗೆ ಹೊಳೆಯುತ್ತಿತ್ತು. ಆಸಿಡ್ ನೀರನ್ನು ಅಲ್ಲೇ ಚೆಲ್ಲುತ್ತಿದ್ದ. ಕ್ರಮೇಣ ಆ ಕಡೆ ಹುಲ್ಲು ಹುಟ್ಟುವುದು ನಿಂತಿತು. ಕಳೆ ಕೀಳುವ ಕೆಲಸ ತಪ್ಪಿತಲ್ಲ ಎಂದು ನನಗೆ ಸಂತೋಷವಾಗಿತ್ತು.

ಮೊಮ್ಮಗಳು ಹುಟ್ಟಿದ ಮೇಲೆ ಈ ಹೊಗೆ ಮಗುವಿಗೆ ಆಗುವುದಿಲ್ಲ ಎಂದು ಜಗಳ ಮಾಡಿ ಒಲೆ ಕೀಳಿಸಿದವಳೂ ನಾನೇ. ಮಗ ಊರಾಚೆ ಒಂದು ಜಾಗ ನೋಡಿಕೊಂಡ. ಹೊಗೆ ಹೋಯಿತು, ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಮಣ್ಣಿನ ಯೋಚನೆ ಯಾರಿಗೂ ಬರಲಿಲ್ಲ.

ಆ ಮಗು ಮಣ್ಣು ತಿನ್ನುತ್ತಿತ್ತು. ಮಣ್ಣು ತಿನ್ನದ ಮಗು ಯಾವುದಿದೆ? ನಾನು ಬಸುರಿಯಾಗಿದ್ದಾಗ ಒಲೆಯ ಮಣ್ಣು ಕೆರೆದು ತಿಂದವಳು. ಆದರೆ ಇವಳದು ಚಟ. ಬಚ್ಚಲ ಗೋಡೆಯ ಬುಡದಲ್ಲಿ ತನ್ನದೇ ಒಂದು ಗುಳಿ ಮಾಡಿಕೊಂಡಿದ್ದಳು, ಇಲಿ ತೋಡಿದ ಹಾಗೆ. ಎಲ್ಲಿ ಬಿಟ್ಟರೂ ತೆವಳಿಕೊಂಡು, ನಡೆಯಲು ಬಂದ ಮೇಲೆ ಓಡಿಕೊಂಡು, ಅಲ್ಲಿಗೇ ಹೋಗುತ್ತಿದ್ದಳು. ಗದರಿಸಿದೆವು, ಕೈಯ ಮೇಲೆ ಹೊಡೆದೆವು. ಬೆರಳಿಗೆ ಬೇವಿನ ಸೊಪ್ಪು ಅರೆದು ಹಚ್ಚಿದರೆ ಬೇವನ್ನು ನೆಕ್ಕಿ ಮುಗಿಸಿ ಮಣ್ಣಿಗೆ ಕೈ ಹಾಕುತ್ತಿದ್ದಳು. ಸೊಸೆ ಗೌರಿಬಿದನೂರಿನ ಕಡೆಯವಳು, ತಾಯಿಮನೆಯಲ್ಲಿ ತೆಲುಗು. "ಮನ್ನು ತಿನೊದ್ದಮ್ಮಾ, ಮಾ ತಲ್ಲಿ ಕದಾ" ಎಂದು, ಮಣ್ಣು ತಿನ್ನಬೇಡ ನನ್ನ ತಾಯಿ ಎಂದು ರಮಿಸಿ ಬಾಯಿಂದ ಮಣ್ಣು ತೆಗೆಯುತ್ತಿದ್ದಳು. ರಮಿಸಿದರೂ ಅಷ್ಟೇ, ಹೊಡೆದರೂ ಅಷ್ಟೇ.

ಮಗು ಬಿಳಿಚಿಕೊಂಡಿತು. ಹೊಟ್ಟೆನೋವು ಎಂದು ಮುದುಡಿಕೊಂಡು ಅಳುತ್ತಿತ್ತು, ಮಲ ಕಟ್ಟುತ್ತಿತ್ತು. ಅಜ್ಜಿ, ಹುಳ, ಹಾಲು ಎಂದೆಲ್ಲ ಆಡುತ್ತಿದ್ದ ಮಾತು ಕಡಿಮೆಯಾಯಿತು. ಚಿಕ್ಕಬಳ್ಳಾಪುರದ ಮಕ್ಕಳ ಡಾಕ್ಟರು ಮೊದಲು ಜಂತುಹುಳುವಿನ ಔಷಧಿ ಕೊಟ್ಟರು. ಎರಡನೇ ಸಲ ಹೋದಾಗ, "ಅಪ್ಪ ಏನು ಕೆಲಸ ಮಾಡ್ತಾರೆ?" ಎಂದು ಕೇಳಿದರು. ಸೊಸೆ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಮಗುವಿನ ರಕ್ತ ತೆಗೆಸಿ ಬೆಂಗಳೂರಿಗೆ ಕಳಿಸಿದರು. ರಕ್ತದಲ್ಲಿ ಸೀಸ ಇರಬಾರದಷ್ಟು ಇದೆ ಎಂದು ಬಂತು. ಎಲ್ಲಿಂದ ಹೋಗುತ್ತಿದೆ ಎಂದು ಮೊದಲು ಪತ್ತೆಯಾಗಬೇಕು, ಒಂದು ಕಡೆಯಿಂದ ಒಳಗೆ ಹೋಗುತ್ತಲೇ ಇದ್ದರೆ ಔಷಧಿ ಏನು ಮಾಡುತ್ತದೆ ಎಂದರು. ಅವರೇ ಯಾರಿಗೋ ಫೋನು ಮಾಡಿ, ಬೆಂಗಳೂರಿನಿಂದ ಮಣ್ಣು ಪರೀಕ್ಷೆ ಮಾಡುವವರು ಬರುವ ಹಾಗೆ ಏರ್ಪಾಟು ಮಾಡಿದರು.

ಅವತ್ತು ಮನೆಗೆ ಬಂದ ಸೊಸೆ ಅಳಲಿಲ್ಲ. ಒಂದು ಚೀಲಕ್ಕೆ ಮಗುವಿನ ಬಟ್ಟೆ ತುಂಬಿ ಟ್ರಂಕಿನ ಮೇಲಿಟ್ಟಳು.

"ಅಂಗಳದಲ್ಲೇ ಇದೆ ಅಂತ ಬಂದ್ರೆ ಇವಳನ್ನ ಕರ್ಕೊಂಡು ಊರಿಗೆ ಹೋಗ್ತೀನಿ ಅತ್ತೆ. ಯಾವಾಗ ವಾಪಸ್ ಬರ್ತೀಯ ಅಂತ ನೀವೂ ಕೇಳ್ಬೇಡಿ, ಅವ್ರೂ ಕೇಳೋದು ಬೇಡ."

"ಇಲ್ಲ ಅಂತ ಬಂದ್ರೆ?"

"ಇಲ್ಲ ಅಂತ ಬಂದ್ರೆ ಚೀಲ ಬಿಚ್ತೀನಿ."

ಅಲ್ಲಿಂದ ಮುಂದೆ ಮಗುವನ್ನು ಅಂಗಳಕ್ಕೆ ಬಿಡಲಿಲ್ಲ. ಸೊಂಟದ ಮೇಲೆ, ಇಲ್ಲವೇ ಒಳಗೆ ಮಂಚದ ಮೇಲೆ. ಹುಳುವಿಗೆ ಸೊಪ್ಪು ಹಾಕಲು ಹೋಗುವಾಗ ನನ್ನ ಕೈಗೆ ಕೊಟ್ಟು, "ಕೆಳಗೆ ಬಿಡ್ಬೇಡಿ" ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ನಾನೇನು ಮೊನ್ನೆ ಹುಟ್ಟಿದವಳೇ ಎಂದು ಸಿಟ್ಟು ಬರುತ್ತಿತ್ತು.

ಒಂದು ವಾರದ ಮೇಲೆ, ನಾಳೆ ಬೆಳಗ್ಗೆ ಬರುತ್ತಾರಂತೆ ಎಂದು ಮಗ ಹೇಳಿ ಅಂಗಡಿಗೆ ಹೋದ. ಸೊಸೆ ಮಗುವನ್ನು ಮತ್ತೊಂದು ಸಲ ರಕ್ತ ಕೊಡಿಸಲು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ಬಾಗಿಲಲ್ಲಿ ನಿಂತು ಅಂಗಳ ನೋಡಿದೆ. ಕರೀ ಕಲೆ, ಬಚ್ಚಲ ಕಡೆ ಬಿಳೀ ಪೊರೆ ಕಟ್ಟಿದ ನೆಲ, ಅಲ್ಲಲ್ಲಿ ಬ್ಯಾಟರಿಯ ಚೂರು, ಗೋಡೆಗೆ ಮಸಿ. ಬೆಂಗಳೂರಿನಿಂದ ಬರುವವರು ಇದನ್ನು ನೋಡಿ ಏನಂದುಕೊಂಡಾರು? ಇವರು ಮಗುವನ್ನು ಹಂದಿಗೂಡಿನಲ್ಲಿ ಸಾಕುತ್ತಿದ್ದಾರೆ ಅನ್ನುತ್ತಾರೆ. ನಮ್ಮ ಕಡೆ ಪೋಲಿಯೋ ಹನಿ ಹಾಕುವವರು ಬರುತ್ತಾರೆ ಅಂದರೂ ಅಂಗಳ ಸಾರಿಸುತ್ತೇವೆ. ಹೆಣ್ಣು ನೋಡಲು ಬರುವವರಿದ್ದರೆ ಹೊಸ ಮಣ್ಣು ಹಾಕಿ ತಟ್ಟಿ ಸಾರಿಸುತ್ತೇವೆ. ಬರುವವರ ಕಾಲಿಗೆ ಹಳೇ ನೆಲ ತೋರಿಸಬಾರದು ಎಂದು ನನ್ನ ಅತ್ತೆ ಹೇಳುತ್ತಿದ್ದರು. ನನಗೆ ಗೊತ್ತಿದ್ದ ಮರ್ಯಾದೆ ಅದು.

ಹುಳುಮನೆಯ ನೆಲ ಎತ್ತರಿಸಲೆಂದು ತರಿಸಿದ್ದ ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ತೋಟದ ಬದಿಯಲ್ಲಿ ರಾಶಿ ಬಿದ್ದಿತ್ತು. ಸೆರಗು ಸಿಕ್ಕಿಸಿಕೊಂಡು ಮಂಕರಿಗೆ ಮಣ್ಣು ತುಂಬಿ ಎತ್ತಿದೆ. ಎಷ್ಟು ಮಂಕರಿ ಹೊತ್ತೆನೋ ಎಣಿಸಲಿಲ್ಲ. ಬ್ಯಾಟರಿ ಚೂರುಗಳನ್ನು ಆರಿಸಿ ಬಚ್ಚಲ ಹಿಂದೆ ಹಾಕಿದೆ. ಮಗುವಿನ ಗುಳಿಗೂ ಎರಡು ಬೊಗಸೆ ಸುರಿದು ಮುಚ್ಚಿದೆ. ಅಂಗಳದ ತುಂಬ ನಾಲ್ಕು ಬೆರಳು ದಪ್ಪಕ್ಕೆ ಹರಡಿ, ನೀರು ಚಿಮುಕಿಸಿ, ದಿಮ್ಮಸು ಹೊಡೆದು ಗಟ್ಟಿ ಮಾಡಿದೆ. ಬೆಳಗಿನ ಜಾವ ಸಗಣಿ ಸಾರಿಸಿ ರಂಗೋಲಿ ಎಳೆದೆ. ಸೊಂಟ ಎರಡು ತುಂಡಾದ ಹಾಗಿತ್ತು. ಆದರೆ ಅಂಗಳ ಮದುವೆಮನೆ ಅಂಗಳದ ಹಾಗಿತ್ತು.

ಮಗ ಎದ್ದು ಬಂದು ನೋಡಿದ. ನೆಲ ನೋಡಿದ, ನನ್ನ ಮುಖ ನೋಡಿದ. ಹಲ್ಲುಜ್ಜಲು ಬಚ್ಚಲ ಕಡೆ ಹೋದ. ಸೊಸೆ ಹಿಂದಿನ ದಿನ ಬಂದಾಗಲೇ ಕತ್ತಲಾಗಿತ್ತು. ಬೆಳಗ್ಗೆ ನೋಡಿ, "ಸಾರಿಸ್ದ್ರಾ ಅತ್ತೆ? ನನ್ನ ಕರೀಬಾರದಿತ್ತಾ" ಎಂದಳು. ಬರೀ ಸಾರಿಸಿದ್ದಾರೆ ಅಂದುಕೊಂಡಳು. ಕಲೆಗಳು ಸಗಣಿಯಲ್ಲಿ ಮುಚ್ಚಿಹೋಗಿವೆ ಅಂದುಕೊಂಡಿರಬೇಕು, ಕೆಮ್ಮಣ್ಣೂ ನಮ್ಮ ಅಂಗಳದ ಬಣ್ಣದ್ದೇ.

ಬಂದವಳು ಮೂವತ್ತು ದಾಟದ ಹೆಂಗಸು, ಜೊತೆಗೆ ಜೀಪಿನ ಡ್ರೈವರು. ಕಾಫಿ ಕುಡಿದು ಕೆಲಸಕ್ಕೆ ಕೂತಳು. ಮೊದಲು ಒಂದು ಪುಸ್ತಕದಲ್ಲಿ ಅಂಗಳದ ಚಿತ್ರ ಬರೆದಳು. ಒಲೆ ಎಲ್ಲಿತ್ತು, ಆಸಿಡ್ ಎಲ್ಲಿ ಚೆಲ್ಲುತ್ತಿದ್ದದ್ದು, ಮಗು ಎಲ್ಲಿ ಆಡುತ್ತಿತ್ತು, ಮಳೆ ನೀರು ಯಾವ ಕಡೆ ಹರಿಯುತ್ತದೆ ಎಂದು ಒಂದೊಂದೇ ಕೇಳಿದಳು. ಆಮೇಲೆ ಅವಳು ಒಂದು ತುದಿ, ಡ್ರೈವರು ಒಂದು ತುದಿ ಟೇಪು ಹಿಡಿದು, ದಾರ ಎಳೆದು, ಅಂಗಳವನ್ನು ಚೌಕ ಚೌಕ ಮಾಡಿದರು. ಚೌಕದ ಮೂಲೆಗೆ ಚಿಕ್ಕ ಬಾವುಟ ಚುಚ್ಚಿದರು.

ಪಕ್ಕದ ಮನೆಯವಳು ಬೇಲಿಯ ಮೇಲೆ ಕತ್ತು ಹಾಕಿದಳು. "ಏನಕ್ಕಾ, ಟೇಪು ಹಿಡಿದವ್ರೆ? ಭಾಗ ಆಗ್ತಾ ಇದೀರಾ?"

"ಹೂಂ ಕಣೇ, ಪಂಚಾಯ್ತಿಗೆ ನಿನ್ನೇ ಕರೀತೀನಿ. ಈಗ ಹೋಗಿ ಹಾಲು ಕರಿ."

ಬಂದವಳು ನಕ್ಕಳು. ಕೈಗೆ ಹೊಸ ಗವಸು ಹಾಕಿಕೊಂಡು ಒಂದು ಚೌಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಸಗಣಿಯ ಪೊರೆಯನ್ನು ಬಿಲ್ಲೆ ಬಿಲ್ಲೆಯಾಗಿ ಎಬ್ಬಿಸಿ ಪಕ್ಕಕ್ಕಿಟ್ಟಳು. ನಾನು ಹತ್ತಿರ ಹೋಗಿ ನಿಂತೆ.

"ಎಷ್ಟು ಆಳ ತೆಗೀತೀಯಮ್ಮ?"

"ಒಂದು ಇಂಚು ಸಾಕು ಅಜ್ಜಿ. ಮಕ್ಕಳ ಕೈಗೆ, ಬಾಯಿಗೆ ಹೋಗೋದು ಮೇಲಿನ ಮಣ್ಣೇ ಅಲ್ವಾ? ಅದಕ್ಕೆ ಮೊದಲು ಅದನ್ನೇ ನೋಡೋದು." ಹೆಬ್ಬೆರಳಿನ ಮೊದಲ ಗೆಣ್ಣು ತೋರಿಸಿದಳು.

ಆಗ ನನಗೆ ಗೊತ್ತಾಯಿತು. ಓದಿದ್ದು ಮೂರನೇ ಕ್ಲಾಸು. ಆದರೆ ಒಂದು ಗೆಣ್ಣು ದೊಡ್ಡದೋ ನಾಲ್ಕು ಬೆರಳು ದೊಡ್ಡದೋ ಎಂದು ಹೇಳಲು ಮೂರನೇ ಕ್ಲಾಸೂ ಬೇಕಿಲ್ಲ. ಅವಳ ಕೈ ಎಲ್ಲಿ ಇಳಿದರೂ ನನ್ನ ಮಣ್ಣು ದಾಟುವುದಿಲ್ಲ.

ಅವಳು ತಲೆಯೆತ್ತಿ ಕೇಳಿದಳು, ಅದೂ ಮಗನನ್ನು: "ಈಚೆಗೆ ಈ ಅಂಗಳದಲ್ಲಿ ಏನಾದ್ರೂ ಬದಲಾಯಿಸಿದ್ರಾ ಸರ್? ಅಗೆಯೋದು, ತುಂಬೋದು, ಅಂಥದ್ದು?"

ಮಗ ನನ್ನ ಕಡೆ ನೋಡಿದ. ಸೊಸೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಟ್ರಂಕು, ಟ್ರಂಕಿನ ಮೇಲೆ ಚೀಲ. ನನಗೆ ಮಗುವೂ ಕಾಣುತ್ತಿತ್ತು, ಚೀಲವೂ ಕಾಣುತ್ತಿತ್ತು.

"ದಿನಾ ಸಾರಿಸ್ತೀವಿ ಕಣಮ್ಮ, ಇನ್ನೇನು ಮಾಡೋದು" ಎಂದೆ ನಾನು.

ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಒಂದು ಚೌಕದಲ್ಲಿ ಐದು ಕಡೆ ಸಣ್ಣ ಕರಣೆಯಿಂದ ಮಣ್ಣು ತೆಗೆದು, ಸ್ಟೀಲು ಬೋಗುಣಿಯಲ್ಲಿ ಕಲಸಿ, ಕಲ್ಲು ಬೇರು ಆರಿಸಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ನಂಬರು ಬರೆದಳು. ಮುಂದಿನ ಚೌಕಕ್ಕೆ ಹೋಗುವ ಮುಂಚೆ ಕರಣೆ, ಬೋಗುಣಿ ಎರಡನ್ನೂ ಬ್ರಷ್ಷಿನಲ್ಲಿ ಉಜ್ಜಿ ತೊಳೆದು ಒರೆಸಿದಳು. ಗವಸು ಬಿಸಾಕಿ ಹೊಸದು ಹಾಕಿಕೊಂಡಳು. ಒಂದು ಚೌಕದ ಧೂಳು ಇನ್ನೊಂದಕ್ಕೆ ಸೇರಿದರೆ ಲೆಕ್ಕ ಕೆಡುತ್ತದಂತೆ. ಮಡಿಯಲ್ಲಿ ಅಡಿಗೆ ಮಾಡುವವರು ಕೂಡ ಅಷ್ಟು ಸಲ ಕೈ ತೊಳೆಯುವುದಿಲ್ಲ. ಅವಳು ಅಷ್ಟು ಜೋಪಾನವಾಗಿ ಎತ್ತುತ್ತಿದ್ದದ್ದು ನಾನು ಮಂಕರಿಯಲ್ಲಿ ಹೊತ್ತ ಮಣ್ಣನ್ನು. ನೋಡಲಾಗದೆ ಒಳಗೆ ಹೋಗಿ ಸೊಪ್ಪು ಬಿಡಿಸಲು ಕೂತೆ. ಎರಡು ಕಡ್ಡಿ ಬಿಡಿಸಿ ಮತ್ತೆ ಹೊರಗೆ ಬಂದೆ.

ತೋಟದ ಆ ತುದಿಯಿಂದಲೂ ಒಂದು ಚೀಲ ಮಣ್ಣು ತಂದಳು. ಬ್ಯಾಟರಿಯ ಸೋಂಕಿಲ್ಲದ ಮಣ್ಣು ಹೇಗಿರುತ್ತದೆ ಎಂದು ತಾಳೆ ನೋಡಲು. ಎಲ್ಲ ಚೀಲದ ಮಣ್ಣನ್ನು ಬೇರೆ ಬೇರೆ ಕಾಗದದ ಮೇಲೆ ಹರಡಿ ಜಗುಲಿಯ ನೆರಳಲ್ಲಿ ಆರಲು ಬಿಟ್ಟಳು. ಹಸಿ ಮಣ್ಣಿನಲ್ಲಿ ಯಂತ್ರ ಕಡಿಮೆ ತೋರಿಸುತ್ತದೆ ಎಂದಳು. ಕಾಯುತ್ತ ಕೂತೆವು. ಮಗ ಉಗುರು ಕಚ್ಚುತ್ತಿದ್ದ. ಊಟಕ್ಕೆ ಏಳಿ ಅಂದೆ, ಬಂದವರಿಬ್ಬರು ಮುದ್ದೆ ಸಾರು ಉಂಡರು. ಸೊಸೆ ಮಗುವಿಗೆ ಉಣ್ಣಿಸಿ ತಾನು ಒಂದು ತುತ್ತೂ ತಿನ್ನಲಿಲ್ಲ.

ಆಮೇಲೆ ಪೆಟ್ಟಿಗೆಯಿಂದ ಯಂತ್ರ ತೆಗೆದಳು. ಪಿಸ್ತೂಲಿನ ಹಾಗೆ ಹಿಡಿ, ಬೆನ್ನಿನ ಮೇಲೆ ಚಿಕ್ಕ ಗಾಜು. ಯಾರೂ ಅದರ ಮುಂದೆ ನಿಲ್ಲಬಾರದು ಎಂದು ಹಿಂದಕ್ಕೆ ಸರಿಸಿದಳು. ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಒಂದು ಡಬ್ಬಿ ಮಣ್ಣನ್ನು ಅದಕ್ಕೆ ತೋರಿಸಿ, ಯಂತ್ರ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡಳು. ಜರಡಿ ಹಿಡಿದ ಮಣ್ಣಿನ ಚೀಲಕ್ಕೆ ಮೂತಿ ಒತ್ತಿ ಹಿಡಿದಳು. ಕೆಂಪು ದೀಪ ಮಿಣಮಿಣ ಅಂತು. ಗಾಜಿನಲ್ಲಿ ಅಂಕಿಗಳು ಕುಣಿದು ನಿಂತವು. ಅಂಕಿ ನನಗೂ ಓದಲು ಬರುತ್ತದೆ. ಎರಡೇ ಅಂಕಿಯ ಸಂಖ್ಯೆ. ಮುಂದಿನ ಚೀಲವೂ ಎರಡೇ. ಅದರ ಮುಂದಿನದೂ. ತೋಟದ ಮಣ್ಣೂ ಹೆಚ್ಚು ಕಡಿಮೆ ಅಷ್ಟೇ.

ಅವಳ ಹುಬ್ಬು ಗಂಟಾಯಿತು. ಒಲೆ ಇದ್ದ ಚೌಕದ ಚೀಲಕ್ಕೆ ಇನ್ನೊಂದು ಸಲ ಹಿಡಿದಳು. ಅಷ್ಟೇ.

"ವಿಚಿತ್ರ. ಬ್ಯಾಟರಿ ಒಡೆದ ಜಾಗ ಅಂತೀರ. ಸ್ವಲ್ಪನಾದ್ರೂ ಇರ್ಬೇಕಿತ್ತು."

"ಅಂದ್ರೆ ಇಲ್ವಾ ಮೇಡಂ?" ಎಂದಳು ಸೊಸೆ.

"ಈ ಮೇಲಿನ ಮಣ್ಣಲ್ಲಿ ನನಗೇನೂ ಕಾಣಿಸ್ತಿಲ್ಲಮ್ಮ. ಬಹುಶಃ ಬೇರೆ ಕಡೆಯಿಂದ ಹೋಗ್ತಿರ್ಬೇಕು. ಕುಡಿಯೋ ನೀರು, ಪಾತ್ರೆ, ಇವರ ಕೆಲಸದ ಬಟ್ಟೆ, ಎಲ್ಲ ನೋಡೋಣ. ಜೀಪಲ್ಲಿ ನೀರಿನ ಬಾಟಲಿ ಇದೆ, ತರ್ತೀನಿ."

ಅವಳು ಜೀಪಿನ ಕಡೆ ಹೋದಳು. ಮಗ ಜಗುಲಿಯ ಮೇಲೆ ಕುಸಿದು ಮುಖ ಒರೆಸಿಕೊಂಡ. ಸೊಸೆ ನನ್ನ ಕಡೆ ತಿರುಗಿ ನಕ್ಕಳು. ವಾರದಿಂದ ನಕ್ಕಿರಲಿಲ್ಲ. "ನಿಮ್ಮ ಅಂಗಳ ಗೆದ್ದುಬಿಡ್ತು ಅತ್ತೆ" ಎಂದಳು. ಸೊಂಟದಿಂದ ಮಗುವನ್ನು ಇಳಿಸಿ ಅಂಗಳಕ್ಕೆ ಬಿಟ್ಟಳು.

ಮಗುವಿನ ಕೈಯಲ್ಲಿ ಊಟದ ಚಮಚ ಇತ್ತು. ವಾರದಿಂದ ಕಟ್ಟಿಹಾಕಿದ ಕರು ಬಿಚ್ಚಿದ ಹಾಗೆ, ದಾರ ದಾಟಿ, ಬಾವುಟ ಬೀಳಿಸಿ, ನೆಟ್ಟಗೆ ಬಚ್ಚಲ ಗೋಡೆಯ ಬುಡಕ್ಕೆ ಓಡಿತು. ಗುಳಿ ಇದ್ದ ಜಾಗದಲ್ಲಿ ಕೂತು ಮಣ್ಣು ಕೆರೆದು ಬಾಯಿಗಿಟ್ಟುಕೊಂಡಿತು.

ಥೂ ಎಂದು ಉಗುಳಿತು.

ನಾನು ಹತ್ತಡಿ ದೂರದಲ್ಲಿ ಕಂಬ ಹಿಡಿದು ನಿಂತಿದ್ದೆ. ಮಗುವಿಗೆ ಹೊಸ ಮಣ್ಣು ರುಚಿಸಲಿಲ್ಲ. ಚಮಚ ಹಿಡಿದು ತೋಡಲು ಶುರು ಮಾಡಿತು. ಗುಳಿಯನ್ನು ನಾನು ಬೊಗಸೆಯಲ್ಲಿ ತುಂಬಿದ್ದೆನಲ್ಲ, ಗೋಡೆಯ ಮೂಲೆಗೆ ದಿಮ್ಮಸು ತಾಗಿರಲಿಲ್ಲ, ಮಣ್ಣು ಸಡಿಲವಿತ್ತು. ಒಂದು ಬೆರಳು ಆಳ ಹೋಯಿತು. ಈಗ ಹೇಳಬೇಕು ಅಂದುಕೊಂಡೆ, ಹೇಳಲಿಲ್ಲ. ಎರಡು ಬೆರಳು. ಸೊಸೆ ಒಳಗೆ ಹೋದಳು, ಟ್ರಂಕಿನ ಮೇಲಿನ ಚೀಲದ ಹಗ್ಗ ಬಿಚ್ಚುವ ಸದ್ದು ಕೇಳಿಸಿತು. ಮೂರು ಬೆರಳು. ಮಗು ನನ್ನ ಕಡೆ ನೋಡಿತು, ಬೈಯುತ್ತಾಳೋ ಏನೋ ಎಂದು. ನಾನು ಬೈಯಲಿಲ್ಲ ಎಂದು ಮತ್ತೆ ತೋಡಿತು. ಚಮಚದ ತುದಿಗೆ ಬೂದಿಬಣ್ಣದ ಮಣ್ಣು ಬಂತು. ಮಗುವಿನ ಮುಖ ಅರಳಿತು. ಚಮಚ ಬಿಸಾಕಿ ಬೆರಳು ಹಾಕಿತು.

ಕಂಬ ಬಿಟ್ಟು ಹೇಗೆ ಹೋದೆನೋ ಗೊತ್ತಿಲ್ಲ. ಕೈ ಬಾಯಿಗೆ ಹೋಗುವ ಮುಂಚೆ ಮಣಿಕಟ್ಟು ಹಿಡಿದುಕೊಂಡೆ. ಮಗು ಕಿರುಚಿತು. ಸೊಸೆ, ಮಗ ಇಬ್ಬರೂ ಓಡಿ ಬಂದರು. ಬಾಟಲಿ ಹಿಡಿದುಕೊಂಡು ಆ ಹೆಂಗಸೂ ಬಂದಳು.

"ನಿನ್ನ ಯಂತ್ರ ಇಲ್ಲಿ ಹಿಡಿಯಮ್ಮ" ಎಂದೆ.

"ಈ ಚೌಕ ಆಗ್ಲೇ ಆಯ್ತಲ್ಲ ಅಜ್ಜಿ?"

"ಆಗಿಲ್ಲ. ನೀನು ನೋಡಿದ್ದು ನಾನು ನಿನ್ನೆ ಹೊತ್ತು ಹಾಕಿದ ಮಣ್ಣು. ನಾಲ್ಕು ಬೆರಳು ಇದೆ. ನಮ್ಮ ಅಂಗಳ ಅದರ ಕೆಳಗೈತೆ."

ಅವಳು ಬಾಟಲಿ ಕೆಳಗಿಟ್ಟಳು. ಯಂತ್ರ ತಂದು, ಮಗು ತೋಡಿದ ಕುಳಿಯ ತಳಕ್ಕೆ ಮೂತಿ ಇಟ್ಟಳು. ಕೆಂಪು ದೀಪ ಹತ್ತಿತು. ಅಂಕಿ ಎರಡು ದಾಟಿತು, ಮೂರು ದಾಟಿತು, ನಾಲ್ಕು ಅಂಕಿಯಾಗಿ ನಿಂತಿತು. ಮಗ ಗೋಡೆಯ ಕಡೆ ಮುಖ ಮಾಡಿಕೊಂಡ.

ಅವಳು ಬೈದಿದ್ದರೆ ಸುಲಭವಿತ್ತು. ಬೈಯಲಿಲ್ಲ. ಮೊದಲಿಂದ ಶುರು ಮಾಡಿದಳು. ಈ ಸಲ ತಿರುಗಿಸಿ ತಿರುಗಿಸಿ ನೆಲಕ್ಕೆ ಇಳಿಸುವ ಒಂದು ಕೊಳವೆಯಂಥ ಸಾಧನದಿಂದ ಚೌಕ ಚೌಕದಲ್ಲೂ ಆಳದ ಮಣ್ಣು ತೆಗೆದಳು. ನನ್ನ ಕೆಮ್ಮಣ್ಣು ಬೇರೆ, ಅದರ ಕೆಳಗಿನದು ಬೇರೆ, ಇನ್ನೂ ಕೆಳಗಿನದು ಬೇರೆ. ಒಲೆಯ ಚೌಕದಲ್ಲಿ ಮೊಳ ಆಳ ಹೋದ ಮೇಲೆ ಅಂಕಿ ಇಳಿಯಿತು. ಬಚ್ಚಲ ಹಿಂದೆ ಹಾಕಿದ್ದ ಚೂರುಗಳನ್ನೂ ತೋರಿಸಿದೆ. ಅವನ್ನು ಡಬ್ಬಿಗೆ ತುಂಬಿಸಿ ಮುಚ್ಚಳ ಹಾಕಿಸಿದಳು.

ಬೆಳಗ್ಗೆ ಬರೆದ ಹಾಳೆ ಪುಸ್ತಕದಲ್ಲಿತ್ತು. "ಅದನ್ನ ಹರಿದುಹಾಕಮ್ಮ" ಎಂದೆ.

"ಹರಿಯೋ ಹಾಗಿಲ್ಲ ಅಜ್ಜಿ. ಬರೆದದ್ದು ಬರೆದ ಹಾಗೇ ಇರ್ಬೇಕು. ಯಾಕೆ ತಪ್ಪಾಯ್ತು ಅಂತ ಪಕ್ಕದಲ್ಲಿ ಬರೀತೀನಿ."

ಅಂಕಿಗಳ ಮೇಲೆ ಒಂದೇ ಗೆರೆ ಎಳೆದಳು, ಕೆಳಗಿದ್ದದ್ದು ಕಾಣುವ ಹಾಗೆ. ಪಕ್ಕದಲ್ಲಿ ಕನ್ನಡದಲ್ಲಿ ಬರೆದು ನನಗೆ ತೋರಿಸಿದಳು. ಅಕ್ಷರ ಕೂಡಿಸಿ ಓದಿದೆ: ಮನೆಯ ಹಿರಿಯರು ಹಿಂದಿನ ದಿನ ಹೊಸ ಮಣ್ಣು ಹಾಕಿದ್ದರು. ಮೊದಲು ತಿಳಿಸಲಿಲ್ಲ. ಅದರ ಕೆಳಗೆ ನನ್ನ ಸಹಿ ಹಾಕಿದೆ.

ಹೋಗುವ ಮುಂಚೆ ಜಗುಲಿಯಲ್ಲಿ ಕೂತು ಹೇಳಿದಳು. ಒಣ ಅಂಗಳ ಗುಡಿಸಬೇಡಿ, ಧೂಳು ಏಳುತ್ತದೆ. ಮಗುವಿನ ಉಗುರು ಕತ್ತರಿಸಿ. ಕೆಲಸದ ಬಟ್ಟೆಯಲ್ಲಿ ಮಗ ಮನೆಯೊಳಗೆ ಬರಬಾರದು. ಸೀಸ ಇಳಿದಷ್ಟು ಆಳದ ಮಣ್ಣು ತೆಗೆಸಬೇಕು, ಇಲ್ಲವೇ ಗಟ್ಟಿ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ದಪ್ಪಕ್ಕೆ ಒಳ್ಳೇ ಮಣ್ಣು ಹಾಕಿಸಬೇಕು. ಅಲ್ಲಿಯ ತನಕ ಮಗು ಇಲ್ಲಿರಬಾರದು.

"ಮಣ್ಣು ಮುಚ್ಚೋದೂ ಒಂದು ದಾರೀನೇ ಅಜ್ಜಿ. ಆದರೆ ನಾಲ್ಕು ಬೆರಳು ಸಾಲಲ್ಲ. ನೋಡಿದ್ರಲ್ಲ, ಒಂದು ಚಮಚ ಸಾಕಾಯ್ತು."

ಜೀಪು ಹೋಯಿತು. ಸೊಸೆ ಮಗುವಿನ ಕೈಬಾಯಿ ತೊಳೆದು ಒಳಗೆ ಕೂರಿಸಿ, ಅರ್ಧ ಬಿಚ್ಚಿದ್ದ ಚೀಲವನ್ನು ಮತ್ತೆ ಕಟ್ಟಿದಳು. ನನ್ನ ಮುಂದೆ ಬಂದು ನಿಂತಳು.

"ನಾಚಿಕೆ ಆಗುತ್ತೆ ಅಂತ ಮಣ್ಣು ಹಾಕಿದ್ರಿ. ಹಾಕ್ಕೊಳ್ಳಿ. ನಾನು ಇವಳನ್ನ ಕೆಳಗೆ ಬಿಟ್ಟೆನಲ್ಲ, ಆವಾಗ ಯಾಕೆ ಸುಮ್ನಿದ್ರಿ?"

"ಹೇಳಿದ್ರೆ ನೀವು ಹೋಗ್ತೀರಿ ಅಂತ."

"ಹೇಳ್ದೇ ಇದ್ದಿದ್ರೆ ಇವಳೇ ಹೋಗ್ತಿದ್ಳು ಅತ್ತೆ."

ಮಗ ಏನೋ ಹೇಳಲು ಬಾಯಿ ತೆರೆದ. "ನೀನು ಸುಮ್ನಿರೋ, ಬೆಳಗ್ಗೆ ನೋಡಿ ಬಾಯಿ ಮುಚ್ಕೊಂಡಿದ್ದವನು" ಎಂದೆ.

ಮಾರನೇ ಬೆಳಗ್ಗೆ ಎದ್ದು ನಾನು ಪೊರಕೆ ಮುಟ್ಟಲಿಲ್ಲ. ಮದುವೆಯಾಗಿ ಬಂದಾಗಿನಿಂದ, ಹೆತ್ತ ದಿನಗಳು ಬಿಟ್ಟರೆ, ಅಂಗಳ ಗುಡಿಸದ ಬೆಳಗು ಅದೇ ಮೊದಲು. ಕೊಡದಲ್ಲಿ ನೀರು ತಂದು ಧೂಳು ಏಳದ ಹಾಗೆ ಚಿಮುಕಿಸಿದೆ. ರಂಗೋಲಿ ಹಾಕಲಿಲ್ಲ. ಮಗುವಿಗೆ ಸ್ನಾನ ಮಾಡಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಹತ್ತು ಬೆರಳಿನ ಉಗುರೂ ಕತ್ತರಿಸಿದೆ. ಹುಳು ಮೂರನೇ ಜ್ವರ ಕಳೆದು, ಅಂದರೆ ಮೂರನೇ ಸಲ ಪೊರೆ ಬಿಟ್ಟು ಎದ್ದಿತ್ತು, ಸೊಪ್ಪಿಗೆ ಬಾಯಿ ಬಿಡುವ ಹೊತ್ತು. ಮಗನನ್ನು ಹುಳುಮನೆಗೆ ಕಳಿಸಿ, ಅಂಗಡಿ ಒಂದು ವಾರ ಮುಚ್ಚು ಎಂದೆ. ನನ್ನ ಎರಡು ಸೀರೆ ಸುತ್ತಿ ಸೊಸೆಯ ಚೀಲದೊಳಗೆ ತುರುಕಿದೆ. ಬೀಗರ ಮನೆಯಲ್ಲಿ ನಾನು ಮದುವೆ ಮುಗಿದ ಮೇಲೆ ಒಂದು ರಾತ್ರಿಯೂ ಉಳಿದವಳಲ್ಲ. ಸೊಸೆ ನೋಡಿದಳು. ಬೇಡ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ.

"ಅಲ್ಲೂ ಮಣ್ಣೈತೆ" ಎಂದೆ. "ಇದರ ಕೈ ಕಾಯೋಕೆ ಒಬ್ಬಳು ಬೇಕು."

ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ಕಾಲು ನೆಲಕ್ಕೆ ತಾಗದ ಹಾಗೆ ಅಂಗಳ ದಾಟಿಸಿ ಬಸ್ಸಿಗೆ ನಡೆದೆ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ, ಅಲ್ಲಿ ಇನ್ನೊಂದು ಬಸ್ಸು. ಕಂಡಕ್ಟರು ಬಂದಾಗ ಸೊಸೆ ಪರ್ಸಿಗೆ ಕೈ ಹಾಕುವ ಮುಂಚೆ ನಾನೇ ಹೇಳಿದೆ, "ಗೌರಿಬಿದನೂರಿಗೆ ಎರಡು ಕೊಡಪ್ಪ." ಮಗುವಿನ ಎರಡು ಕೈಯನ್ನೂ ನನ್ನ ಒಂದು ಕೈಯಲ್ಲಿ ಹಿಡಿದುಕೊಂಡಿದ್ದೆ.